ನಮ್ಮ ಮೈದಾನದ ಕಳ್ಳ ಎಗೊನ್

ಎಗೊನ್ ಸೊಬೋಟ್ಕಾ ವಾರದಲ್ಲಿ ಆರು ದಿನ ನೆಲದಡಿ ಎಂಟುನೂರು ಮೀಟರ್ ಆಳದಲ್ಲಿ ಕಲ್ಲಿದ್ದಲು ತೆಗೆಯುತ್ತಿದ್ದ. ಭಾನುವಾರ ಬೆಳಿಗ್ಗೆ ಕಳ್ಳನಾಗುತ್ತಿದ್ದ.

ಜರ್ಮನ್ ಗಣಿಯೂರಾದ ವಾನ್ನೆಯಲ್ಲಿ ಕಾಲುವೆಗೂ ಗಣಿಯ ಕಲ್ಲುಗುಡ್ಡೆಗೂ ನಡುವೆ, ನಾಯಿಗಳನ್ನು ಕಾವಲಿಗೆ ಪಳಗಿಸುವ ನಮ್ಮ ಸಂಘದ ಮೈದಾನವಿತ್ತು. ಅಲ್ಲಿ ಹಲಗೆಯಿಂದ ಮಾಡಿದ ಆರು ಮರೆಗಳಿದ್ದವು. ಎಗೊನ್ ಚರ್ಮದ ಪ್ಯಾಂಟು ತೊಟ್ಟು, ಎಡಗೈಗೆ ದಪ್ಪನೆಯ ತೋಳುಗವಸು ಏರಿಸಿ ಅವುಗಳಲ್ಲೊಂದರ ಹಿಂದೆ ಅಡಗುತ್ತಿದ್ದ. ನಾಯಿ ಬಂದು ಹುಡುಕಬೇಕು, ಕಂಡೊಡನೆ ಬೊಗಳಬೇಕು, ಅವನು ಓಡಿದರೆ ತೋಳನ್ನು ಹಿಡಿದು ನಿಲ್ಲಿಸಬೇಕು, ಒಡೆಯ ಹೇಳಿದಾಗ ಬಿಡಬೇಕು. ಮೂವತ್ತು ವರ್ಷ ಅವನು ಹೀಗೆ ಕಳ್ಳನಾಗಿ ಕಚ್ಚಿಸಿಕೊಂಡ. ಟ್ರಾಮಿನಲ್ಲಿ ಕಂಡವರು "ಏನ್ ಕಳ್ಳ, ಇವತ್ತು ಯಾರ ಮನೆಗೆ?" ಎನ್ನುತ್ತಿದ್ದರು. ಅವನು ಟೋಪಿ ಎತ್ತಿ, "ನಿಮ್ಮನೇಗೇ, ಬಾಗ್ಲು ತೆಗ್ದಿಟ್ಟಿರಿ" ಎನ್ನುತ್ತಿದ್ದ.

ನಾನು ಅವನನ್ನು ಮೊದಲು ಕಂಡದ್ದು ಎಪ್ಪತ್ನಾಲ್ಕರ ವಸಂತದಲ್ಲಿ. ನನಗಾಗ ಮೂವತ್ತನಾಲ್ಕು. ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕುಳಿತು ಬೇರೆಯವರ ಪರದೆಗಳಿಗೂ ಪ್ಯಾಂಟುಗಳಿಗೂ ಅಂಚು ಹೊಲಿಯುವುದು ನನ್ನ ಕೆಲಸ. ಹಿಂದಿನ ಚಳಿಗಾಲದಲ್ಲಿ ಗಂಡ ಮನೆ ಬಿಟ್ಟು ಹೋಗಿದ್ದ. ಹೋಗುವಾಗ ರೇಡಿಯೊ ಒಯ್ದ, ನಾಯಿಯನ್ನು ಬಿಟ್ಟ. ಅಫ್ರಾ ಎಂದು ಅವಳ ಹೆಸರು. ಎರಡೂವರೆ ವರ್ಷದ ಜರ್ಮನ್ ಶೆಫರ್ಡ್ ಹೆಣ್ಣು, ಬೆನ್ನು ಕಪ್ಪು, ಕಾಲುಗಳು ಬ್ರೆಡ್ಡಿನ ಹೊರಪದರದ ಬಣ್ಣ. ಗಂಡ ಹೋಗುತ್ತಿದ್ದ ಸಂಘಕ್ಕೇ, ಕಾಲುವೆಯ ಆಚೆ ದಡದ್ದಕ್ಕೆ, ಹಟ ಹಿಡಿದು ನಾನೂ ಅವಳನ್ನು ಕರೆದೊಯ್ದೆ. ನಾಲ್ಕು ತಿಂಗಳಲ್ಲಿ ಅಫ್ರಾಳ ಹಿಡಿತ ಕೆಟ್ಟುಹೋಯಿತು. ತೋಳುಗವಸನ್ನು ಮುಂಬಲ್ಲುಗಳ ತುದಿಯಲ್ಲಿ ಮಾತ್ರ ಹಿಡಿಯುವಳು. ಹಿಡಿದದ್ದನ್ನು ಅತ್ತ ಜಗಿದು ಇತ್ತ ಜಗಿದು, ಗುರುಗುಟ್ಟಿ, ಕಳ್ಳ ಒಂದು ಹೆಜ್ಜೆ ಮುಂದಿಟ್ಟರೆ ಬಿಟ್ಟೇಬಿಡುವಳು. "ಈ ನಾಯೀಲಿ ಧೈರ್ಯ ಇಲ್ಲ, ಬೇರೆ ನೋಡ್ಕೋ" ಎಂದರು. ನಾನು ಅಳದೆ ಮನೆಗೆ ಬಂದು, ಮುಂದಿನ ಭಾನುವಾರ ಕಾಲುವೆಯ ಈಚೆ ದಡಕ್ಕೆ ಹೋದೆ.

ಎಗೊನ್ ಆಗ ಬೆಂಚಿನ ಮೇಲೆ ಕುಳಿತು ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿಯುತ್ತಿದ್ದ. ಕುಳ್ಳ, ಅಗಲ ಭುಜ, ಕಣ್ಣಿನ ರೆಪ್ಪೆಯ ಬುಡದಲ್ಲಿ ಎಷ್ಟು ತೊಳೆದರೂ ಹೋಗದ ಇದ್ದಲಿನ ಗೆರೆ.

"ನೀವು ಸೊಬೋಟ್ಕಾ ಅವರಾ?" ಎಂದೆ.

"ಇಲ್ಲಿ ನೀವು ತಾವು ಎಲ್ಲ ಇಲ್ಲ. ನಾಯಿ ಹಿಡ್ಕೊಂಡು ಗೇಟ್ ದಾಟಿದ ಮೇಲೆ ಎಲ್ರೂ ನೀನೇ. ನಿನ್ ಹೆಸರೇನು?"

"ರೊಸ್ವಿಟಾ. ಇವಳು ಸರಿಯಾಗಿ ಕಚ್ಚಲ್ಲ."

"ಸರಿಯಾಗಿ ಕಚ್ಚದೇ ಇರೋರು ಊರಲ್ಲಿ ತುಂಬ ಜನ ಇದಾರೆ, ಅವರನ್ನೆಲ್ಲ ಕರ್ಕೊಂಡು ಬರ್ಬೇಡ" ಎಂದು ನಕ್ಕು, ಮುಚ್ಚಳ ಕೆಳಗಿಟ್ಟ. "ಬಾಯಿ ತೋರ್ಸು."

ನನ್ನ ಬಾಯಲ್ಲ, ಅಫ್ರಾಳದ್ದು. ತುಟಿ ಎತ್ತಿ, ಒಂದೊಂದೇ ಹಲ್ಲನ್ನು ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿದ. ಒಸಡು ಒತ್ತಿದ. ದವಡೆಯ ಕೀಲನ್ನು ಬೆರಳಲ್ಲಿ ಹುಡುಕಿ, ಬಾಯಿ ತೆರೆಸಿ ಮುಚ್ಚಿಸಿದ. "ಹಲ್ಲು ನೋವಿದ್ದಾಗ ನಾವೂ ಹೀಗೇ ತಿಂತೀವಲ್ಲ, ಬಿಸಿ ಆಲೂಗಡ್ಡೆ ಬಾಯಿಗೆ ಹಾಕ್ಕೊಂಡೋರ ಥರ. ಎಷ್ಟೋ ಜನ ಅದನ್ನ ನೋಡೋದೇ ಇಲ್ಲ, ನಾಯಿಗೆ ಹೊಡೀತಾರೆ. ಇವಳ ಬಾಯಿ ಚೆನ್ನಾಗಿದೆ. ಹಾಗಾದ್ರೆ ತೊಂದರೆ ಬೇರೆ ಎಲ್ಲೋ ಇದೆ."

ಆ ದಿನ ಅವನು ತೋಳುಗವಸನ್ನು ಮುಟ್ಟಲೇ ಇಲ್ಲ. ಅಫ್ರಾಳ ಕುತ್ತಿಗೆಯ ಅಗಲ ಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ, ಹಗ್ಗವನ್ನು ಕಂಬಕ್ಕೆ ಬಿಗಿದ. ಆಲೂಗಡ್ಡೆಯ ಹಳೇ ಗೋಣಿಚೀಲವೊಂದನ್ನು ತಂದು ಅವಳೆದುರು ನೆಲದ ಮೇಲೆ ಇಲಿಯಂತೆ ಓಡಿಸಿದ. ಅವಳು ಹಿಡಿದಳು, ಹಿಡಿದವಳು ತಕ್ಷಣ ಕಣ್ಣನ್ನು ಹಿಂದೆ ತಿರುಗಿಸಿ ನನ್ನ ಕಡೆ ನೋಡಿದಳು, ಜಗಿಯತೊಡಗಿದಳು.

"ರೊಸ್ವಿಟಾ, ಹತ್ತು ಹೆಜ್ಜೆ ಹಿಂದೆ ಹೋಗು."

ಹೋದೆ. ಜಗಿಯುವುದು ಕಡಿಮೆಯಾಯಿತು.

"ಇನ್ನೂ ಹೋಗು. ಬೇಲಿ ಹತ್ರ. ಅಲ್ಲೇ ನನ್ ಹೆಂಡ್ತಿ ಸಲಾಡ್ ಮಾಡ್ತಿದಾಳೆ, ಈರುಳ್ಳಿ ಹೆಚ್ಕೊಡು."

ಬೇಲಿಯ ಬದಿಯ ಮರದ ಗುಡಿಸಲೇ ಸಂಘದ ಅಡುಗೆಮನೆ. ಎಗೊನ್‌ನ ಹೆಂಡತಿ ವಾಲ್ಟ್ರಾಡ್ ಒಂದು ಮಾತೂ ಕೇಳದೆ ನನ್ನ ಕೈಗೆ ಚಾಕು ಕೊಟ್ಟಳು. ಈರುಳ್ಳಿ ಹೆಚ್ಚುತ್ತ ಕಿಟಕಿಯಿಂದ ನೋಡಿದೆ. ನಾನಿಲ್ಲದ ಮೈದಾನದಲ್ಲಿ ಅಫ್ರಾ ಗೋಣಿಚೀಲವನ್ನು ಬಾಯಿ ತುಂಬ, ಹಿಂದಿನ ಹಲ್ಲುಗಳವರೆಗೂ ತುಂಬಿಕೊಂಡು, ಕಣ್ಣು ಅರೆಮುಚ್ಚಿ, ಅಲುಗಾಡದೆ ನಿಂತಿದ್ದಳು. ಎಗೊನ್ ಚೀಲ ಬಿಟ್ಟುಬಿಟ್ಟ. ಅವಳು ಅದನ್ನು ಹೊತ್ತು ಹಗ್ಗದ ಉದ್ದಕ್ಕೂ ಸುತ್ತು ಹೊಡೆದಳು.

ಕಣ್ಣಲ್ಲಿ ನೀರು ಬಂತು. ವಾಲ್ಟ್ರಾಡ್ ನೋಡಿ, "ಈರುಳ್ಳಿ ಖಾರ ಇದೆ" ಎಂದಳು. ಅವಳು ಒಳ್ಳೆಯ ಹೆಂಗಸು.

ಸಂಜೆ ಎಗೊನ್ ಕೇಳಿದ, "ಆ ಕಡೆ ಸಂಘದಲ್ಲಿ ಹಿಡಿದಿದ್ದನ್ನ ಬಿಡ್ಸೋಕೆ ಏನ್ ಮಾಡ್ತಿದ್ರಿ?"

ನಾನು ಹೇಳಿದೆ. ಕುತ್ತಿಗೆಗೆ ಒಳಮುಖ ಮುಳ್ಳಿನ ಪಟ್ಟಿ ಹಾಕಿ ಹಿಂದಿನಿಂದ ಜಗ್ಗಿ ಎಳೆಯುತ್ತಿದ್ದೆ. ಹೆಂಗಸಿನ ಕೈಯಲ್ಲಿ ಬಲ ಇಲ್ಲ ಎಂದು ಅಲ್ಲಿನ ಗಂಡಸರು ನಕ್ಕಿದ್ದರು. ಬಲ ಇದೆ ಎಂದು ತೋರಿಸಲು ಇನ್ನೂ ಜೋರಾಗಿ ಎಳೆದೆ. ಒಮ್ಮೆ ಅವಳು ಕಿರುಚಿದಳು. ಮರುವಾರವೂ ಎಳೆದೆ.

ಅವನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ಅಂದ್ರೆ ಅವಳು ಕಳ್ಳನಿಗೆ ಹೆದ್ರಲ್ಲ, ನಿನಗೆ ಹೆದರ್ತಾಳೆ. ಬಾಯಲ್ಲಿ ಏನಾದ್ರೂ ಇದ್ದಾಗ ನೀನು ಹತ್ರ ಬಂದ್ರೆ ಕುತ್ತಿಗೆ ನೋಯತ್ತೆ ಅಂತ ಕಲ್ತಿದಾಳೆ. ಅರ್ಧ ಬಾಯಲ್ಲಿ ಹಿಡ್ಕೊಂಡಿದ್ರೆ ಬೇಗ ಬಿಡಬಹುದಲ್ಲ, ಅದಕ್ಕೇ ಹಾಗೆ. ಬುದ್ಧಿವಂತೆ. ಧೈರ್ಯ ಇಲ್ಲ ಅಂದೋನಿಗೆ ಬುದ್ಧಿ ಇಲ್ಲ."

"ಸರಿಯಾಗುತ್ತಾ?"

"ನಾಯಿ ಸರಿಯಾಗತ್ತೆ. ನಿನ್ನ ವಿಷ್ಯ ನೋಡೋಣ."

ಆ ಬೇಸಿಗೆಯ ಭಾನುವಾರಗಳನ್ನು ನೆನೆದರೆ ಈಗಲೂ ಮೂಗಿಗೆ ಗೋಣಿಯ ವಾಸನೆ ಬರುತ್ತದೆ. ಬೇರೆಯವರೆಲ್ಲ ಮರೆಗಳ ಸುತ್ತ ನಾಯಿ ಓಡಿಸುತ್ತಿದ್ದರೆ ನಾವು ಮೂವರೂ ಕಂಬದ ಬಳಿಯೇ ಇರುತ್ತಿದ್ದೆವು. ಮೊದಲ ವಾರ ನಾನು ಬೇಲಿಯ ಬಳಿ. ಮುಂದಿನ ವಾರ ಮೈದಾನದ ನಡುವೆ, ಅವಳಿಗೆ ಬೆನ್ನು ತಿರುಗಿಸಿ. ಅದರ ಮುಂದಿನ ವಾರ ನಾಲ್ಕು ಹೆಜ್ಜೆ ದೂರದಲ್ಲಿ, ಕೈ ಜೇಬಿನಲ್ಲಿ. "ಉಸಿರು ಬಿಡು ಮಾರಾಯ್ತಿ" ಎಂದು ಎಗೊನ್ ಕೂಗುತ್ತಿದ್ದ. "ನೀನು ಉಸಿರು ಹಿಡ್ಕೊಂಡ್ರೆ ಅವಳೂ ಹಿಡ್ಕೋತಾಳೆ, ಇಬ್ರೂ ಸತ್ತೋಗ್ತೀರ!" ಜುಲೈ ಹೊತ್ತಿಗೆ ಅವಳು ಚೀಲ ಹಿಡಿದಿದ್ದಾಗ ನಾನು ಪಕ್ಕದಲ್ಲಿ ಮಂಡಿಯೂರಿ, ಎದೆಯನ್ನು ಮೆಲ್ಲಗೆ ಸವರಬಹುದಾಗಿತ್ತು. ಬಿಡಿಸುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಅವಳೇ ಸಾಕೆನಿಸಿ ಕೆಳಗಿಟ್ಟಾಗ ಇನ್ನೊಂದು ಚೀಲ ಸಿಗುತ್ತಿತ್ತು.

ಜಗಿಯುವುದನ್ನು ಬಿಡಿಸಿದ್ದು ಎಗೊನ್‌ನ ಕೈ. ಚೀಲವನ್ನು ಅವನು ಯಾವಾಗಲೂ ತುಸು ಬಿಗಿಯಾಗಿ ಎಳೆದು ಹಿಡಿದಿರುತ್ತಿದ್ದ. ಅವಳು ಹಲ್ಲು ಸಡಿಲಿಸಿದ ಚಣವೇ ಚೀಲ ಜಾರಿ ಅವನ ಬೆನ್ನ ಹಿಂದೆ ಹೋಗುತ್ತಿತ್ತು. ಬೈಗುಳವಿಲ್ಲ, ಹೊಡೆತವಿಲ್ಲ, ಚೀಲ ಇಲ್ಲ, ಅಷ್ಟೇ. ಅವಳು ಒಳಕ್ಕೆ ನೂಕಿ ಇನ್ನಷ್ಟು ಬಾಯಿ ತುಂಬಿಕೊಂಡರೆ ಅವನು ಸೋತವನಂತೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ, "ಅಯ್ಯೋ ಸತ್ತೆ" ಎಂದು ನರಳುತ್ತಿದ್ದ. ಅಫ್ರಾಳ ಬಾಲದ ತುದಿ ಆಗ ನಿಧಾನವಾಗಿ ಆಡುತ್ತಿತ್ತು. ಚೀಲದಿಂದ ಗೋಣಿಯ ಸುರುಳಿಗೆ ಹೋದೆವು. ಸುರುಳಿಗಳನ್ನು ಅಂಗಡಿಯ ದೊಡ್ಡ ಮಷಿನ್ನಿನಲ್ಲಿ ನಾನೇ ಹೊಲಿಯುತ್ತಿದ್ದೆ, ಒಳಗೆ ಪರದೆಯ ಚೂರುಗಳನ್ನು ತುರುಕಿ. ಸುರುಳಿಯಿಂದ ಹಳೆಯ ಮೆತ್ತನೆಯ ತೋಳಿಗೆ, ಅದರಿಂದ ಗಟ್ಟಿ ತೋಳಿಗೆ. ಒಂದು ಮೆಟ್ಟಿಲಲ್ಲಿ ಹಿಡಿತ ತೆಳುವಾದರೆ ಎಗೊನ್ ಮುಖ ಸಣ್ಣದು ಮಾಡಿಕೊಳ್ಳದೆ ಹಿಂದಿನ ಮೆಟ್ಟಿಲಿಗೆ ಇಳಿಯುತ್ತಿದ್ದ. ಸೆಪ್ಟೆಂಬರಿನಲ್ಲಿ ಮೂರು ಭಾನುವಾರ ನಾವು ಮತ್ತೆ ಆಲೂಗಡ್ಡೆ ಚೀಲಕ್ಕೇ ಬಂದಿದ್ದೆವು.

ನನಗೆ ತಾಳ್ಮೆ ತಪ್ಪಿತು. "ಎಷ್ಟು ದಿನ ಎಗೊನ್? ಬೇರೆಯವರು ಎರಡು ವಾರದಲ್ಲಿ ಮಾಡ್ತಾರಂತೆ."

"ಮಾಡ್ತಾರೆ. ನಾನು ಎರಡೇ ನಿಮಿಷದಲ್ಲಿ ಒಂದು ನಾಯೀನ ಕೆಡಿಸಿದೀನಿ, ಗೊತ್ತಾ?" ಎಂದ.

ಅವತ್ತು ಕಾಲುವೆಯಲ್ಲಿ ಮರಳು ತುಂಬಿದ ದೋಣಿಯೊಂದು ಹೋಗುತ್ತಿತ್ತು. ಅದು ಸೇತುವೆ ದಾಟಿದ ಮೇಲೆ ಹೇಳಿದ.

ಐವತ್ತೊಂದನೇ ಇಸವಿ. ಅವನಿಗೆ ಇಪ್ಪತ್ನಾಲ್ಕು. ಸಂಘಕ್ಕೆ ಹೊಸ ಕಳ್ಳ. ಬೆಂಚಿನ ಮೇಲೆ ಹುಡುಗಿಯರು ಕುಳಿತಿದ್ದರು, ಅವರಲ್ಲಿ ವಾಲ್ಟ್ರಾಡ್ ಒಬ್ಬಳು. ಅವನ ಗಣಿಯಲ್ಲೇ ಮರದ ಕೆಲಸ ಮಾಡುತ್ತಿದ್ದ ಔಗುಸ್ಟ್ ಪಾವೆಲ್ಚಿಕ್ ಎಂಬವನು ಹಾರೊ ಎಂಬ ಹದಿನಾಲ್ಕು ತಿಂಗಳ ಗಂಡುನಾಯಿಯನ್ನು ಮೊದಲ ಸಲ ಗಟ್ಟಿ ತೋಳಿಗೆ ಬಿಟ್ಟ. ಒಳ್ಳೆಯ ನಾಯಿ, ಬಾಯಿ ತುಂಬ ಹಿಡಿಯಿತು. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿದಿತ್ತು. ಎಗೊನ್ ಹುಡುಗಿಯರ ಕಡೆ ಒಮ್ಮೆ ನೋಡಿದ. ಕೂಗಿ, ಮೇಲೆ ಬಿದ್ದು ನೂಕಿ, ನಾಯಿಯನ್ನು ಬೇಲಿಗೆ ಒತ್ತಿ, ಕೋಲಿನಿಂದ ನಾಲ್ಕೈದು ಬಾರಿಸಿದ. ಹಾರೊ ಬಿಟ್ಟು ಓಡಿ, ಕೈಗಾಡಿಯ ಅಡಿಯಲ್ಲಿ ಅಡಗಿತು.

"ಹುಡ್ಗೀರು ನಕ್ರು. ಇವಳೊಬ್ಳು ನಗ್ಲಿಲ್ಲ" ಎಂದು ಅವನು ಅಡುಗೆಗುಡಿಸಲಿನ ಕಡೆ ತಲೆಯಾಡಿಸಿದ. "ಔಗುಸ್ಟ್ ಒಂದ್ ಮಾತು ಆಡ್ಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಗಾಡಿ ಕೆಳಗಡೆ ಮಲಗಿ, ಕೈ ಚಾಚಿ, ನಾಯೀನ ಎತ್ಕೊಂಡು ಹೋದ. ಮತ್ತೆ ಬರ್ಲೇ ಇಲ್ಲ."

"ಆಮೇಲೆ?"

"ಒಂದ್ ವರ್ಷ ಆದ್ಮೇಲೆ ನಾನೇ ಹೋದೆ, ಗೋಣಿಚೀಲ ತಗೊಂಡು. ಸರಿ ಮಾಡ್ಕೊಡ್ತೀನಿ ಅಂದೆ. ನಾಯಿ ಈಗ ನೆಮ್ಮದಿಯಾಗಿದೆ, ನೀನು ಮನೆಗೆ ಹೋಗು ಅಂತ ಗೇಟ್ ಹಾಕ್ಕೊಂಡ."

ಆಮೇಲೂ ಹದಿನೈದು ವರ್ಷ ಅವರಿಬ್ಬರೂ ಒಂದೇ ಗಣಿಯಲ್ಲಿ ಒಂದೇ ಪಾಳಿಯಲ್ಲಿ ಇಳಿದರು. ಲಿಫ್ಟಿನ ಪಂಜರದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಗಣಿಯವರೆಲ್ಲ ಒಬ್ಬರಿಗೊಬ್ಬರು ಕ್ಷೇಮ ಕೋರುವಂತೆ "ಗ್ಲ್ಯುಕ್ ಔಫ್" ಎನ್ನುತ್ತಿದ್ದರು. ಬೇರೇನೂ ಇಲ್ಲ.

ತಾಳ್ಮೆಯನ್ನು ಎಗೊನ್ ಕಲಿತದ್ದು ನಾಯಿಗಳಿಂದಲ್ಲ, ಕುದುರೆಯಿಂದ. ನೆಲದಡಿ ಬಂಡಿ ಎಳೆಯುವ ಕುದುರೆಗಳು ಆಗಿನ್ನೂ ಇದ್ದವು. ಹಾರೊನ ಘಟನೆಯಾದ ವರ್ಷವೇ ಅವನಿಗೆ ಲೀಸೆ ಎಂಬ ಕಚ್ಚುವ ಕುದುರೆಯನ್ನು ಒಪ್ಪಿಸಿದರು. ಹೊಡೆದರೆ ಅದು ಕತ್ತಲಲ್ಲಿ ನಿಂತೇಬಿಡುತ್ತಿತ್ತು, ಹಿಂದೆ ಹನ್ನೆರಡು ಬಂಡಿ ಕಲ್ಲಿದ್ದಲು. ನಿಂತ ಕುದುರೆಯ ಪಕ್ಕದಲ್ಲಿ ದೀಪ ಕೆಳಗಿಟ್ಟು ಕುಳಿತು, ಅದು ಯಾಕೆ ನಿಂತಿತು ಎಂದು ಯೋಚಿಸುವುದನ್ನು ಎಗೊನ್ ಕಲಿತ. ಒಮ್ಮೆ ಗೊರಸಿನಲ್ಲಿ ಕಲ್ಲು, ಒಮ್ಮೆ ಬೆನ್ನಿನ ಪಟ್ಟಿಯ ಗಾಯ. ಒಮ್ಮೆ ಏನೂ ಇರಲಿಲ್ಲ. ಹತ್ತು ನಿಮಿಷದ ಮೇಲೆ ಅವರ ಮುಂದೆಯೇ ಮೇಲ್ಛಾವಣಿ ಕುಸಿಯಿತು. "ಅವತ್ತಿಂದ ನಾನು ಪ್ರಾಣಿಗಳ ಜೊತೆ ವಾದ ಮಾಡಲ್ಲ" ಎನ್ನುತ್ತಿದ್ದ.

ಚಳಿಗಾಲ ಕಳೆಯಿತು. ಅಫ್ರಾ ಗಟ್ಟಿ ತೋಳನ್ನು ಹಿಂದಿನ ಹಲ್ಲಿನವರೆಗೆ ಹಿಡಿಯತೊಡಗಿದಳು. ಆಮೇಲೆ ಕೋಲು ಬಂತು; ಮೊದಲು ನೆಲದ ಮೇಲೆ ಬಿದ್ದಿರುವ ಕೋಲು, ಆಮೇಲೆ ಎಗೊನ್‌ನ ಕೈಯಲ್ಲಿ ಸುಮ್ಮನಿರುವ ಕೋಲು, ಆಮೇಲೆ ಎತ್ತಿದ ಕೋಲು. ಅವಳು ಹಿಡಿತ ಬಿಗಿ ಮಾಡಿದೊಡನೆ ಕೋಲು ಕೆಳಗಿಳಿಯುತ್ತಿತ್ತು. ಕೋಲನ್ನು ಇಳಿಸುವವಳು ತಾನೇ ಎಂದು ಅವಳಿಗೆ ಅರ್ಥವಾದ ದಿನ ನನಗೆ ನೆನಪಿದೆ. ಕಿವಿ ಹಿಂದಕ್ಕೆ ಮಡಚಿಕೊಂಡಿದ್ದವಳು ಅವನ್ನು ನಿಮಿರಿಸಿದಳು.

ಏಪ್ರಿಲ್‌ನಲ್ಲಿ ಪರೀಕ್ಷೆ ಎಂದು ನಿಶ್ಚಯವಾಯಿತು. ಮಾರ್ಚ್ ಕೊನೆಯಲ್ಲಿ ಯಾರಿಗೂ ಹೇಳದೆ ನಾನೊಂದು ಕೆಲಸ ಮಾಡಿದೆ. ಗಣಿಯವರ ಕಾಲೊನಿಯಲ್ಲಿ ವಿಚಾರಿಸಿಕೊಂಡು, ಅಫ್ರಾಳ ಜೊತೆ ಪಾವೆಲ್ಚಿಕ್‌ನ ಮನೆಗೆ ಹೋದೆ. ಅರವತ್ತೊಂಬತ್ತರ ಉದ್ದ ಬಡಕಲು ಮುದುಕ, ಹಿತ್ತಿಲಿನಲ್ಲಿ ಮೊಲಗಳಿಗೆ ದಂಟು ಹಾಕುತ್ತಿದ್ದ. ಗೇಟು ತೆರೆಯಲಿಲ್ಲ.

"ನಾನು ಎಗೊನ್ ಕಡೆಯೋಳು" ಎಂದೆ.

"ಯಾವ ಎಗೊನ್?"

"ಯಾವ ಎಗೊನ್ ಅಂತ ನಿಮ್ಗೆ ಗೊತ್ತು."

ಮೊಲದ ಗೂಡಿನ ಬಾಗಿಲಿನ ಅಗುಳಿ ಹಾಕಿ, ಕೈ ಒರೆಸಿಕೊಂಡು ಅವನು ಅಫ್ರಾಳನ್ನು ಬಹಳ ಹೊತ್ತು ನೋಡಿದ. "ಅವನೇ ಕಳಿಸಿದ್ನಾ?"

"ಇಲ್ಲ. ಗೊತ್ತಾದ್ರೆ ನನ್ನ ಕೊಂದುಹಾಕ್ತಾನೆ. ಏಪ್ರಿಲ್ ಇಪ್ಪತ್ತಕ್ಕೆ ಇವಳ ಪರೀಕ್ಷೆ. ಇವಳನ್ನ ನಾನು ಕೆಡಿಸಿದ್ದೆ. ಅವನು ಒಂದು ವರ್ಷ ಕೂತ್ಕೊಂಡು ಸರಿ ಮಾಡಿದಾನೆ. ನೀವು ನೋಡ್ಬೇಕು."

"ನಾನ್ ಯಾಕೆ ನೋಡ್ಬೇಕು? ಹಾರೊ ಸತ್ತು ಹದಿಮೂರು ವರ್ಷ ಆಯ್ತು."

"ಆಲೂಗಡ್ಡೆ ಸಲಾಡ್ ಇರುತ್ತೆ" ಎಂದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಪರೀಕ್ಷೆಯ ದಿನ ಗಾಳಿ ಜೋರಾಗಿತ್ತು, ಕಲ್ಲುಗುಡ್ಡೆಯಿಂದ ಬೂದು ಧೂಳು ಮೈದಾನದ ಮೇಲೆ ಹಾರಿ ಬರುತ್ತಿತ್ತು. ಹೊರಗಿನಿಂದ ಬಂದ ತೀರ್ಪುಗಾರ ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೇ ಅಂಕ ಬರೆಯುತ್ತಿದ್ದ. ಅಫ್ರಾ ಐದು ಮರೆಗಳನ್ನು ಸುತ್ತಿ ಆರನೆಯದರಲ್ಲಿ ಎಗೊನ್‌ನನ್ನು ಕಂಡು ಬೊಗಳಿದಳು. ಅವನು ಓಡಿದಾಗ ಹಿಡಿದಳು. ಆ ತನಕ ನಾನು ಬೇಲಿಯ ಕಡೆ ನೋಡಿರಲಿಲ್ಲ. ಕೊನೆಯ ಓಟಕ್ಕೆ ಅವಳ ಪಟ್ಟಿ ಹಿಡಿದು ಮೈದಾನದ ತುದಿಯಲ್ಲಿ ನಿಂತಾಗ ನೋಡಿದೆ. ಬೇಲಿಯ ಆಚೆ, ಸೈಕಲ್ಲಿಗೆ ಆನಿಕೊಂಡು ಪಾವೆಲ್ಚಿಕ್ ನಿಂತಿದ್ದ. ಗೇಟು ದಾಟಿರಲಿಲ್ಲ.

ಎಗೊನ್‌ಗೂ ಅವನು ಕಂಡ. ಹೇಗೆ ಗೊತ್ತೆಂದರೆ, ಎದುರು ತುದಿಯಿಂದ ಕೂಗುತ್ತ ಓಡಿಬರಬೇಕಾದವನು ತೀರ್ಪುಗಾರ ಕೈ ಎತ್ತಿದರೂ ಎರಡು ಚಣ ಹೊರಡಲಿಲ್ಲ.

"ಏನಪ್ಪಾ ಕಳ್ಳ, ನಿದ್ದೆನಾ?" ಎಂದು ತೀರ್ಪುಗಾರ ಕೂಗಿದ.

ಎಗೊನ್ ಓಡಿದ. ಕೋಲು ಎತ್ತಿ, ಗಂಟಲು ಹರಿಯುವಂತೆ ಅರಚುತ್ತ ನೇರ ನಮ್ಮ ಕಡೆ. ನಾನು ಅಫ್ರಾಳನ್ನು ಬಿಟ್ಟೆ. ಅರವತ್ತು ಹೆಜ್ಜೆಯ ದೂರವನ್ನು ಅವಳು ನೆಲಕ್ಕೆ ಹೊಟ್ಟೆ ತಾಗಿಸಿದಂತೆ ಓಡಿ, ಹಾರಿ, ತೋಳನ್ನು ಹಿಡಿದಳು. ಎಗೊನ್ ಅವಳ ರಭಸವನ್ನು ಮೈಯಲ್ಲಿ ತೆಗೆದುಕೊಂಡು, ಕುತ್ತಿಗೆಗೆ ಪೆಟ್ಟಾಗದಂತೆ ಅರ್ಧ ಸುತ್ತು ತಿರುಗಿ ಅವಳ ಕಾಲುಗಳನ್ನು ನೆಲಕ್ಕಿಳಿಸಿದ. ಆಮೇಲೆ ಅವಳನ್ನು ಹಿಂದಕ್ಕೆ ಒತ್ತುತ್ತ ನಡೆದ. ಕೋಲು ಎರಡು ಸಲ ಬಿತ್ತು, ನಿಯಮದಂತೆ. ನಾನಿದ್ದಲ್ಲಿಂದ ಅವಳ ಬಾಯಿ ಕಾಣುತ್ತಿರಲಿಲ್ಲ, ಬಾಲ ಕಾಣುತ್ತಿತ್ತು. ಅದರ ತುದಿ ನಿಧಾನವಾಗಿ ಆಡುತ್ತಿತ್ತು.

"ಬಿಡು" ಎಂದೆ. ಬಿಡಲಿಲ್ಲ. ಒಂದು ವರ್ಷ ಬಿಡದಿರಲು ಕಲಿಸಿದ್ದೆವಲ್ಲ. ಇನ್ನೊಮ್ಮೆ ಹೇಳಿದಾಗ ಬಿಟ್ಟು, ಎದುರಿಗೆ ಕುಳಿತಳು. ಎರಡು ಸಲ ಹೇಳಿದ್ದಕ್ಕೆ ಅಂಕ ಕಳೆದು ನೂರಕ್ಕೆ ಎಂಬತ್ತೊಂದು ಕೊಟ್ಟರು. ತೀರ್ಪುಗಾರ ಎಲ್ಲರೆದುರು ಓದಿದ ಸಾಲು ನನಗೆ ಬಾಯಿಪಾಠ: "ಹಿಡಿತ ಪೂರ್ಣ, ಬಿಗಿ, ಶಾಂತ."

ಚಪ್ಪಾಳೆ ಮುಗಿಯುವಷ್ಟರಲ್ಲಿ ಪಾವೆಲ್ಚಿಕ್ ಸೈಕಲ್ ತಳ್ಳಿಕೊಂಡು ಒಳಗೆ ಬಂದಿದ್ದ. ಎಗೊನ್ ತೋಳುಗವಸು ಕಳಚದೆ ನಿಂತಿದ್ದ, ಮುಖವೆಲ್ಲ ಬೆವರು.

"ಕೋಲು ಹಿಡಿಯೋದು ಕಲಿಯೋಕೆ ಇಪ್ಪತ್ನಾಲ್ಕು ವರ್ಷ ಬೇಕಾಯ್ತೇನೋ?" ಎಂದ ಮುದುಕ.

"ಹೂಂ. ಬೇಕಾಯ್ತು."

"ಹಾರೊ ಒಳ್ಳೆ ನಾಯಿ."

"ಗೊತ್ತು ಔಗುಸ್ಟ್."

"ಕಚ್ಚದೇ ಇದ್ರೂ ಒಳ್ಳೆ ನಾಯೀನೇ. ಹನ್ನೆರಡು ವರ್ಷ ಬದುಕ್ತು. ನನ್ನ ಮಗಳನ್ನ ಸ್ಕೂಲಿಂದ ದಿನಾ ಕರ್ಕೊಂಡ್ ಬರ್ತಿತ್ತು."

"ಅವತ್ತು ನಾನು..." ಎಂದು ಎಗೊನ್ ಶುರುಮಾಡಿದ.

"ಗೊತ್ತು. ಬೆಂಚಿನ ಮೇಲೆ ಯಾರ್ ಕೂತಿದ್ರು ಅಂತಾನೂ ಗೊತ್ತು. ನಂಗೂ ಒಂದ್ ಕಾಲದಲ್ಲಿ ಇಪ್ಪತ್ನಾಲ್ಕು ವರ್ಷ ಆಗಿತ್ತು." ಮುದುಕ ಸೈಕಲ್ಲನ್ನು ಮರೆಯ ಹಲಗೆಗೆ ಒರಗಿಸಿದ. "ನೀನು ಚೀಲ ಹಿಡ್ಕೊಂಡು ಬಂದಾಗ ನಾನು ಗೇಟ್ ಹಾಕ್ಬಾರ್ದಿತ್ತು. ಹಾಕ್ಬಿಟ್ಟೆ. ಆಮೇಲೆ ತೆಗೆಯೋಕೆ ಸಂಕೋಚ. ಈ ಹುಡುಗಿ ಸಲಾಡ್ ಇದೆ ಅಂದ್ಳು, ಎಲ್ಲಿ?"

ಎಗೊನ್ ತೋಳುಗವಸಿದ್ದ ಕೈಯಿಂದಲೇ ಗುಡಿಸಲನ್ನು ತೋರಿಸಿದ. ವಾಲ್ಟ್ರಾಡ್ ಮುದುಕನಿಗೆ ಇಬ್ಬರು ತಿನ್ನುವಷ್ಟು ಸಲಾಡನ್ನೂ ಮೂರು ಸಾಸೇಜುಗಳನ್ನೂ ಬಡಿಸಿ, ಅವನೆದುರು ಕುಳಿತು ನೋಡುತ್ತಿದ್ದಳು. ಎಗೊನ್ ಆರನೇ ಮರೆಯ ಹಿಂದೆ ಹೋದ. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಯಾರೂ ಹುಡುಕಲು ಹೋಗಲಿಲ್ಲ.

ಸಂಜೆ ನನ್ನ ಬಳಿ ಬಂದು, "ನೀನು ಇನ್ನೊಂದ್ಸಲ ಹೀಗ್ ಮಾಡಿದ್ರೆ ನಾಯಿ ಬದ್ಲು ನಿನ್ನನ್ನೇ ಕಂಬಕ್ಕೆ ಕಟ್ತೀನಿ" ಎಂದ. ಹಾಗೆಂದು, ಹೋಗುವ ಮುಂಚೆ ಅಫ್ರಾಳಿಗೆ ತನ್ನ ಪಾಲಿನ ಸಾಸೇಜನ್ನು ಪೂರ್ತಿ ಕೊಟ್ಟ.

ಆಮೇಲಿನ ಆರು ವರ್ಷ ನಮ್ಮ ಮೈದಾನದ ಒಳ್ಳೆಯ ಕಾಲ. ಪಾವೆಲ್ಚಿಕ್ ಪ್ರತಿ ಭಾನುವಾರ ಬರುತ್ತಿದ್ದ. ನಾಯಿ ಇಲ್ಲ, ಕೆಲಸ ಇಲ್ಲ. ಬೆಂಚಿನ ಮೇಲೆ ಕುಳಿತು ಎಗೊನ್‌ನ ತಪ್ಪು ಹುಡುಕುವುದು. "ತೋಳು ಎತ್ತರ ಹಿಡಿದೆ ಕಣೋ, ನಾಯಿ ಏನು ಏಣಿ ತರ್ಬೇಕಾ?" ಎಗೊನ್ ಮೈದಾನದ ನಡುವಿನಿಂದಲೇ, "ಔಗುಸ್ಟ್, ಸಾಸೇಜ್ ಬಾಯಿಗಿಟ್ಕೋ, ಹಿಡಿತ ಪೂರ್ಣ ಇರ್ಲಿ" ಎನ್ನುತ್ತಿದ್ದ. ಬೇರೆ ಊರುಗಳಿಂದ ಜನ ಹಿಡಿತ ಕೆಟ್ಟ ನಾಯಿಗಳನ್ನು ಕರೆತರತೊಡಗಿದರು. ಎಗೊನ್ ಎಲ್ಲರಿಗೂ ಮೊದಲು ಬಾಯಿ ತೋರಿಸಲು ಹೇಳುತ್ತಿದ್ದ, ಆಮೇಲೆ ಒಡೆಯರನ್ನು ಈರುಳ್ಳಿ ಹೆಚ್ಚಲು ಕಳಿಸುತ್ತಿದ್ದ. ಎಲ್ಲವೂ ಸರಿಹೋಗಲಿಲ್ಲ. ಎರಡು ನಾಯಿಗಳ ಒಡೆಯರಿಗೆ, "ಇದಕ್ಕೆ ಇದು ಇಷ್ಟ ಇಲ್ಲ, ಮನೇಲಿ ಆರಾಮಾಗಿರ್ಲಿ ಬಿಡು" ಎಂದ. ಹಾಗೆ ಹೇಳಿದ ದಿನ ಪಾವೆಲ್ಚಿಕ್ ತಪ್ಪು ಹುಡುಕುತ್ತಿರಲಿಲ್ಲ.

ಎಂಬತ್ತೊಂದರಲ್ಲಿ ಎಗೊನ್‌ನ ಎದೆಯೊಳಗಿನ ಇದ್ದಲ ಧೂಳು ಅವನ ಓಟವನ್ನು ನಿಲ್ಲಿಸಿತು. ಗಣಿಯಲ್ಲಿ ಅವನ ಜೊತೆಗಾರನಾಗಿದ್ದ ಸೆಲಾಮಿ ಎಂಬ ತುರ್ಕಿಯವನು ಆಗಲೇ ನಾಲ್ಕು ವರ್ಷದಿಂದ ನಮ್ಮ ಸಂಘದಲ್ಲಿದ್ದ. ತೋಳುಗವಸು ಅವನ ಕೈಗೆ ಹೋಯಿತು. ಎಗೊನ್ ಕುರ್ಚಿ ಹಾಕಿಕೊಂಡು ಮೈದಾನದ ನಡುವೆಯೇ ಕುಳಿತು ಕಲಿಸಿದ.

"ಸೆಲಾಮಿ, ಸೋಲು! ನಾಯಿ ಒಳಗೆ ನೂಕ್ತು, ನೀನ್ ಸೋಲ್ಬೇಕು!"

"ಗಂಡಸಿಗೆ ಸೋಲು ಅಂತ ಹೇಳ್ಕೊಡೋ ಮೇಷ್ಟ್ರನ್ನ ನಾನೆಲ್ಲೂ ನೋಡಿಲ್ಲಪ್ಪ" ಎಂದು ಸೆಲಾಮಿ ನಗುತ್ತಿದ್ದ.

"ಮದ್ವೆ ಆಗಿದೀಯಲ್ಲ, ಇನ್ನೂ ಅಭ್ಯಾಸ ಆಗಿಲ್ವಾ?" ಎಂದು ವಾಲ್ಟ್ರಾಡ್ ಗುಡಿಸಲಿನಿಂದ ಕೇಳುತ್ತಿದ್ದಳು.

ಪಾವೆಲ್ಚಿಕ್ ಎಂಬತ್ತನಾಲ್ಕರಲ್ಲಿ ಹೋದ, ಅಫ್ರಾ ಅದೇ ವರ್ಷ. ಎಂಬತ್ತೆಂಟರಲ್ಲಿ ಹೊಸ ರಸ್ತೆಗೆ ಮೈದಾನ ಬೇಕಾಯಿತು. ಸಂಘದವರು ಮರೆಗಳನ್ನು ಬಿಚ್ಚಿ ಬೇರೆ ಕಡೆ ಒಯ್ದರು. ಈಗ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಂಬ ಎಲ್ಲಿತ್ತೆಂದು ಊಹಿಸಲು ನೋಡುತ್ತೇನೆ. ಪ್ರತಿ ಸಲವೂ ಬೇರೆ ಜಾಗ ತೋರುತ್ತದೆ.

ತೊಂಬತ್ತರ ವಸಂತದಲ್ಲಿ ನಾನು ಮತ್ತೊಂದು ಮರಿ ತಂದೆ. ಹತ್ತು ವಾರದ ಹೆಣ್ಣು, ಹೆಸರು ಡೊಲ್ಲಿ. ಎಗೊನ್ ಆಗ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಕಾಲೊನಿಯ ನೆಲಮಹಡಿಯ ಮನೆಯ ಅಡುಗೆಕೋಣೆಯ ಕಿಟಕಿಯ ಬಳಿ, ಆಮ್ಲಜನಕದ ಸಿಲಿಂಡರಿನ ಪಕ್ಕ ಕುಳಿತಿರುತ್ತಿದ್ದ. ತೋರಿಸೋಣವೆಂದು ಮರಿಯನ್ನು ಕಿಟಕಿಯ ಕೆಳಗೆ ನಿಲ್ಲಿಸಿದೆ. ಅವನು ಬಗ್ಗಿ ನೋಡಿ, ಕೈಗೆ ಸಿಕ್ಕ ಒರೆಸುವ ಬಟ್ಟೆಯನ್ನು ಕಿಟಕಿಯಿಂದ ಇಳಿಬಿಟ್ಟು ಗೋಡೆಯ ಮೇಲೆ ಆಡಿಸಿದ. ಡೊಲ್ಲಿ ಹಾರಿ ಹಿಡಿದಳು. ಅವನು ತುಸು ಎಳೆದ. ಅವಳು ಹಾಲುಹಲ್ಲಿನ ಪುಟ್ಟ ಬಾಯಿಯನ್ನು ಇನ್ನೂ ಒಳಕ್ಕೆ ತುಂಬಿಕೊಂಡು, ಹಿಂಗಾಲು ನೆಲಕ್ಕೆ ಊರಿ ಜಗ್ಗಿದಳು.

"ಅಯ್ಯೋ ಸತ್ತೆ" ಎಂದ ಎಗೊನ್, ಉಬ್ಬಸದ ನಡುವೆ. ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು.

ವಾಲ್ಟ್ರಾಡ್ ಓಡಿಬಂದಳು. "ಎಗೊನ್! ಅದು ನಮ್ಮಮ್ಮ ಕೊಟ್ಟಿದ್ದ ಲಿನನ್ ಬಟ್ಟೆ! ಬಿಡ್ಸೋ ಅದನ್ನ!"

"ಹಾಲುಹಲ್ಲು ಕಣೇ, ಎಳೀಬಾರ್ದು" ಎಂದು ಅವನು ಬಟ್ಟೆಯ ತುದಿ ಬಿಟ್ಟುಬಿಟ್ಟ. "ಗೆದ್ದಿದಾಳೆ. ತಗೊಂಡ್ಹೋಗ್ಲಿ."

ಡೊಲ್ಲಿ ಬಟ್ಟೆಯನ್ನು ಕಚ್ಚಿಕೊಂಡು, ಅದರ ಮೇಲೆಯೇ ಎಡವುತ್ತ ಬೀದಿಯುದ್ದಕ್ಕೂ ನಡೆದಳು. ಎಗೊನ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾವು ಮೂಲೆ ತಿರುಗುವವರೆಗೂ ನೋಡಿದ. ಆ ವಾರವೇ ನಾನು ಬಟ್ಟೆಯನ್ನು ಒಗೆದು, ಹರಿದ ಅಂಚನ್ನು ಬಿಳಿ ದಾರದಲ್ಲಿ ಹೊಲಿದು ವಾಲ್ಟ್ರಾಡ್‌ಗೆ ಒಯ್ದುಕೊಟ್ಟೆ. ಅವಳು ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದೆ ಎಂದು, ಮಡಚಿ ಮತ್ತೆ ಕಿಟಕಿಯ ಪಕ್ಕ, ಅವನ ಕೈಗೆಟುಕುವಲ್ಲೇ ಇಟ್ಟಳು. ಅಕ್ಟೋಬರಿನಲ್ಲಿ ಅವನು ತೀರಿಕೊಳ್ಳುವವರೆಗೂ ಭಾನುವಾರಗಳಲ್ಲಿ ನಾನೂ ಡೊಲ್ಲಿಯೂ ಆ ಕಿಟಕಿಯ ಕೆಳಗೆ ಹೋಗುತ್ತಿದ್ದೆವು.